ಭಾರದ ಲೆಕ್ಕ ಯಾರ ಕೈಯಲ್ಲಿ?



ಮಗನೋ ಮಗಳೋ ಜಿಮ್ಮಿಗೆ ಸೇರಿದ ಕೆಲವೇ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕೈಗೆ ಕಟ್ಟಿದ ಸ್ಮಾರ್ಟ್ ವಾಚಿನಲ್ಲಿ ಭಾರ ಎತ್ತುವ ವ್ಯಾಯಾಮದ ಲೆಕ್ಕವಿಡಲು ಯಾವ ಆ್ಯಪ್ ಒಳ್ಳೆಯದು? ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ. ಆದರೆ ನಮ್ಮ ದೇಹದ ಬಗ್ಗೆ ತೀರ್ಪು ಹೇಳುವ ಅಧಿಕಾರವನ್ನು ಯಾರಿಗೆ, ಎಷ್ಟರ ಮಟ್ಟಿಗೆ ಒಪ್ಪಿಸಬೇಕು ಎಂಬ ನೈತಿಕ ಪ್ರಶ್ನೆಯೊಂದು ಅದರೊಳಗೆ ಅಡಗಿದೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ವಿಚಾರ ಮಾಡೋಣ.

ಭಾರ ಎತ್ತುವುದು ಕೇವಲ ಯುವಕರ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ವಯಸ್ಸಾದಂತೆ ಸ್ನಾಯುಗಳು ಕ್ಷೀಣಿಸುವುದರಿಂದ ಹಿರಿಯರಿಗೂ ಇದು ಅನ್ವಯಿಸುತ್ತದೆ. ಅದರ ಲೆಕ್ಕವಿಡುವುದೂ ವ್ಯರ್ಥ ಕೆಲಸವಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಅಮೆರಿಕದ ಸೈನಿಕರಿಗೆ ಥಾಮಸ್ ಡೆಲೋರ್ಮ್ ಎಂಬ ಸೇನಾ ವೈದ್ಯರು ಭಾರ ಎತ್ತಿಸಿ ಚಿಕಿತ್ಸೆ ನೀಡಿದರು. ಒಬ್ಬ ರೋಗಿ ಸತತವಾಗಿ 10 ಬಾರಿ ಎತ್ತಬಲ್ಲ ಗರಿಷ್ಠ ಭಾರ ಎಷ್ಟೆಂದು ಕಂಡುಕೊಂಡು, ಬಲ ಹೆಚ್ಚಿದಂತೆ ಭಾರವನ್ನೂ ಕ್ರಮವಾಗಿ ಹೆಚ್ಚಿಸುವ ವಿಧಾನವನ್ನು ಅವರು 1945ರಲ್ಲಿ ಪ್ರಕಟಿಸಿದರು. ಹಿಂದಿನ ವಾರದ ಲೆಕ್ಕ ತಿಳಿಯದಿದ್ದರೆ ಮುಂದಿನ ಹೆಜ್ಜೆ ತಿಳಿಯದು. ಇಂದು ಜಿಮ್ಮುಗಳಲ್ಲಿ ಅನುಸರಿಸುವ ಕ್ರಮದ ಹಿಂದೆ, ಮುರಿದ ಮೈಯನ್ನು ಮತ್ತೆ ನಿಲ್ಲಿಸುವ ಇಂಥ ಕರುಣೆಯ ಕೆಲಸವೂ ಇದೆ.

ಹಾಗಾದರೆ ಈ ಲೆಕ್ಕದಲ್ಲಿ ಕೈಗಡಿಯಾರಕ್ಕೆ ತಿಳಿಯುವುದೆಷ್ಟು? ಕೈಯ ಚಲನೆಯನ್ನು ಅದು ಗ್ರಹಿಸುತ್ತದೆ. ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ ನಾಡಿಯ ಬಡಿತವನ್ನು ಎಣಿಸುತ್ತದೆ. ಆದರೆ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದಾಗ, ಮಣಿಕಟ್ಟು ಬಾಗಿದಾಗ ಆ ಎಣಿಕೆ ತಪ್ಪುವ ಸಂಭವ ಹೆಚ್ಚು. ಅದು ತೋರಿಸುವ ಕ್ಯಾಲೊರಿಯ ಸಂಖ್ಯೆ ಒಂದು ಅಂದಾಜು ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ, ನೀವು ಎತ್ತಿದ್ದು 5 ಕಿಲೋ ಭಾರವೋ 50 ಕಿಲೋ ಭಾರವೋ ಎಂಬುದು ಅದಕ್ಕೆ ಗೊತ್ತಿಲ್ಲ. ಗಾರ್ಮಿನ್ ವಾಚು ಎಷ್ಟು ಬಾರಿ ಎತ್ತಿದಿರೆಂದು ತಾನೇ ಎಣಿಸಲು ಯತ್ನಿಸುತ್ತದೆ. ಅದಕ್ಕೂ ಭಾರವನ್ನು ನೀವೇ ಹೇಳಬೇಕು. ಸ್ಟ್ರಾಂಗ್, ಹೆವಿ ಮುಂತಾದ ಆ್ಯಪ್‌ಗಳಲ್ಲಿ ಭಾರವನ್ನೂ ಆವೃತ್ತಿಗಳನ್ನೂ ನಾವೇ ದಾಖಲಿಸುತ್ತೇವೆ.

ಇಲ್ಲಿಯೇ ಮೊದಲನೆಯ ಪಾಠವಿದೆ. ಎಷ್ಟೇ ಬೆಲೆ ತೆತ್ತು ಕೊಂಡ ಯಂತ್ರವಾದರೂ ನಮ್ಮ ಮಾತನ್ನು ನಂಬಿಯೇ ಲೆಕ್ಕ ಬರೆಯುತ್ತದೆ. ಅರ್ಧಕ್ಕೆ ಬಿಟ್ಟ ಎತ್ತುವಿಕೆಯನ್ನು ಪೂರ್ತಿ ಎಂದು ಬರೆದರೆ ಕೇಳುವವರಿಲ್ಲ. 8 ಬಾರಿ ಎತ್ತಿ 10 ಎಂದು ಬರೆದರೆ ಯಾರಿಗೂ ನಷ್ಟವಿಲ್ಲವೆಂದು ತೋರಬಹುದು. ಆದರೆ ಮುಂದಿನ ವಾರದ ಭಾರ ಆ ಸುಳ್ಳಿನ ಮೇಲೆಯೇ ನಿಲ್ಲುತ್ತದೆ. ಸೊಂಟವೋ ಭುಜವೋ ಅದರ ಬೆಲೆ ತೆರಬೇಕಾಗುತ್ತದೆ. ಯಾರೂ ನೋಡದ ಕಡೆ ಬರೆಯುವ ಸಣ್ಣ ಸಂಖ್ಯೆಯಲ್ಲಿ ಸತ್ಯವಾಗಿರುವುದನ್ನು ಕಲಿತವನು ದೊಡ್ಡ ಲೆಕ್ಕಗಳಲ್ಲಿಯೂ ಸತ್ಯವಂತನಾಗಿ ಉಳಿಯುವುದು ಹೆಚ್ಚು ಸುಲಭವಲ್ಲವೇ?

ಎರಡನೆಯ ಪ್ರಶ್ನೆ ಮಿತಿಯದು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸದ್ಗುಣವೆಂದರೆ ಏನೆಂದು ವಿವರಿಸುವಾಗ ಮಿಲೋ ಎಂಬ ಹೆಸರಾಂತ ಜಟ್ಟಿಯ ಉದಾಹರಣೆ ಕೊಡುತ್ತಾನೆ. ಒಂದೇ ಪ್ರಮಾಣದ ಆಹಾರ ಮಿಲೋವಿಗೆ ಸಾಲದು, ಆದರೆ ವ್ಯಾಯಾಮವನ್ನು ಹೊಸದಾಗಿ ಆರಂಭಿಸಿದವನಿಗೆ ಅದೇ ಅತಿಯಾಗುತ್ತದೆ. ಹಿತಮಿತವೆಂಬುದು ಅಂಕಗಣಿತದ ನಡುಬಿಂದುವಲ್ಲ, ಆಯಾ ವ್ಯಕ್ತಿಗೆ ತಕ್ಕದ್ದು ಎಂಬುದು ಅವನ ಅಭಿಪ್ರಾಯ. ಆದರೆ ಸಂಖ್ಯೆಗಳಿಗೆ ಎಲ್ಲರ ಮೇಲೂ ಒಂದೇ ಸಮನೆ ಆಳುವ ಚಪಲವಿದೆ. ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ ಮಾತನ್ನು ನಾವೆಲ್ಲ ವೈದ್ಯಕೀಯ ನಿಯಮವೆಂಬಂತೆ ನಂಬಿದ್ದೇವೆ. ಅದು ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. ಮಾರುವವರು ಇಟ್ಟ ಹೆಸರು ಕೊಳ್ಳುವವರ ಮನಸ್ಸಾಕ್ಷಿಯಾಯಿತು! ನೆರೆಮನೆಯವನು ಎತ್ತುವ ಭಾರ ನಮ್ಮ ಮಗನ ಗುರಿಯಾಗುವಾಗಲೂ ನಡೆಯುವುದು ಇದೇ.

ಮೂರನೆಯದು ವಿಶ್ರಾಂತಿ. ಸ್ನಾಯು ಬಲಗೊಳ್ಳುವುದು ಭಾರ ಎತ್ತುವ ಗಳಿಗೆಯಲ್ಲಿ ಅಲ್ಲ, ಆನಂತರ ದೊರೆಯುವ ಊಟ, ನಿದ್ರೆ, ಬಿಡುವುಗಳಲ್ಲಿ. ಆದರೆ ಒಂದು ದಿನವೂ ತಪ್ಪದಂತೆ ಸರಣಿ ಕಾಯ್ದುಕೊಳ್ಳಬೇಕೆಂದು ಪ್ರಚೋದಿಸುವ ಆ್ಯಪ್‌ಗಳಿವೆ. ಆ್ಯಪಲ್ ವಾಚು 2015ರಲ್ಲಿ ಮಾರುಕಟ್ಟೆಗೆ ಬಂತು. ದಿನನಿತ್ಯದ ಗುರಿಯನ್ನು ತೋರಿಸುವ ಅದರ ಬಣ್ಣದ ಉಂಗುರಗಳನ್ನು, ಸರಣಿ ಮುರಿಯದಂತೆ ಕೆಲದಿನ ನಿಲ್ಲಿಸಿಡುವ ಅನುಕೂಲ ದೊರೆತದ್ದು 2024ರಲ್ಲಿ. ಜ್ವರ ಬಂದವನೂ ದಣಿದವನೂ ಮಲಗಬಹುದು ಎಂಬ ಸರಳ ಸತ್ಯ ಯಂತ್ರಕ್ಕೆ ತಿಳಿಯಲು 9 ವರ್ಷಗಳೇ ಬೇಕಾದವು. ನಮ್ಮ ಹಳೆಯ ಗರಡಿ ಮನೆಗಳಲ್ಲಿ ಹುಡುಗ ಎಷ್ಟು ದಂಡ ಹೊಡೆದ, ಎಷ್ಟು ಬಸ್ಕಿ ತೆಗೆದ ಎಂಬ ಲೆಕ್ಕ ಉಸ್ತಾದರ ಕಣ್ಣಿನಲ್ಲಿತ್ತು. ಎಣಿಸಬಲ್ಲವರಾಗಿದ್ದ ಅವರು ಹುಡುಗನ ಮುಖ ನೋಡಿ, "ಇವತ್ತಿಗೆ ಸಾಕು" ಎಂದೂ ಹೇಳಬಲ್ಲವರಾಗಿದ್ದರು.

ಇನ್ನು ನಾಲ್ಕನೆಯದಾಗಿ, ಈ ಲೆಕ್ಕದ ಪುಸ್ತಕವನ್ನು ಓದುವವರು ಯಾರು? ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರು ಓಡಾಡಿದ ಹಾದಿಗಳನ್ನೆಲ್ಲ ಒಟ್ಟುಗೂಡಿಸಿ 2017ರ ನವೆಂಬರಿನಲ್ಲಿ ಲೋಕದ ಭೂಪಟವೊಂದನ್ನು ಪ್ರಕಟಿಸಿತು. ದೂರದ ಮರುಭೂಮಿಗಳಲ್ಲಿದ್ದ ಸೇನಾ ನೆಲೆಗಳ ರೂಪುರೇಷೆ ಅದರಲ್ಲಿ ಬೆಳಗುತ್ತಿದೆ ಎಂಬುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಗುರುತಿಸಿದ. ಬೆಳಗಿನ ಓಟಕ್ಕೆ ಹೊರಟ ಸೈನಿಕನಿಗೆ ತಾನು ಗುಟ್ಟು ಬಿಟ್ಟುಕೊಡುತ್ತಿದ್ದೇನೆಂಬ ಅರಿವೇ ಇರಲಿಲ್ಲ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಳಹದಿಯೇ ತಿಳಿದು ಕೊಟ್ಟ ಒಪ್ಪಿಗೆ. ಓದದೆ ಬೆರಳೊತ್ತಿದ ಒಪ್ಪಿಗೆಯನ್ನು ತಿಳಿದು ಕೊಟ್ಟದ್ದೆಂದು ನಾವು ಮನಸಾರೆ ಹೇಳಬಲ್ಲೆವೇ? ಅದರಲ್ಲಿಯೂ ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳ ದೇಹದ ತೂಕ, ನಿದ್ರೆ, ನಾಡಿಬಡಿತಗಳ ವಿಷಯದಲ್ಲಿ ತಂದೆತಾಯಿಯರು ಜಾಗರೂಕರಾಗಿರಬೇಕು.

ಆದಕಾರಣ ಆ್ಯಪ್ ಆರಿಸುವಾಗ ಮಕ್ಕಳೊಂದಿಗೆ ಕುಳಿತು ಈ ಮಾತುಗಳನ್ನು ಕೇಳಿಕೊಳ್ಳಿರಿ. ಎರಡು ಬಾರಿ ಎತ್ತುವುದರ ನಡುವೆ, ಬೆವರಿದ ಬೆರಳಿನಿಂದ ಸುಲಭವಾಗಿ ಬರೆಯಲು ಅದರಲ್ಲಿ ಸಾಧ್ಯವೇ? ಬಿಡುವಿನ ದಿನವನ್ನು ಅದು ಸೋಲೆಂದು ತೋರಿಸುತ್ತದೆಯೇ? ಬೇರೆಯವರಿಗೆ ಕಾಣದಂತೆ ಲೆಕ್ಕವನ್ನು ಮುಚ್ಚಿಡಲು ಅವಕಾಶವಿದೆಯೇ? ಹೆವಿಯಂಥ ಆ್ಯಪ್‌ನಲ್ಲಿ ಗೆಳೆಯರು ಪರಸ್ಪರರ ವ್ಯಾಯಾಮವನ್ನು ನೋಡಬಹುದು. ಅದು ಒಬ್ಬನಿಗೆ ಹುರುಪು ತಂದರೆ ಇನ್ನೊಬ್ಬನಿಗೆ ಹೊಟ್ಟೆಕಿಚ್ಚನ್ನೋ ಕೀಳರಿಮೆಯನ್ನೋ ತರಬಹುದು. ನಿಮ್ಮ ಮಗುವಿನ ಸ್ವಭಾವವನ್ನು ಬಲ್ಲವರು ನೀವೇ. ಫಿಟ್‌ಬಾಡ್‌ನಂಥವು ಇಂದು ಏನು ಮಾಡಬೇಕೆಂದು ತಾವೇ ಸೂಚಿಸುತ್ತವೆ. ಆ ಸೂಚನೆಗಿಂತ ಮಂಡಿಯ ನೋವಿನ ಮಾತು ದೊಡ್ಡದೆಂದು ಮಕ್ಕಳಿಗೆ ತಿಳಿಸಿರಿ. ಇವೆಲ್ಲ ಬೇಡವೆನಿಸಿದರೆ, ಒಂದು ನೋಟುಪುಸ್ತಕವೂ ಪೆನ್ಸಿಲೂ ಈ ಕೆಲಸಕ್ಕೆ ಇಂದಿಗೂ ಸಾಲುತ್ತವೆ.

ಕೊನೆಯದಾಗಿ, ಯಾವ ಆ್ಯಪ್‌ನಲ್ಲಿಯೂ ಒಂದು ಕಲಮು ಇರುವುದಿಲ್ಲ: ಈ ಬಲ ಯಾತಕ್ಕಾಗಿ? ಹಾಸಿಗೆ ಹಿಡಿದ ಅಜ್ಜಿಯನ್ನು ಮೆಲ್ಲನೆ ಎತ್ತಿ ಕೂರಿಸುವುದಕ್ಕೆ, ನೆರೆಯವರ ಗ್ಯಾಸ್ ಸಿಲಿಂಡರನ್ನು ಮಹಡಿಗೆ ಹೊತ್ತು ಕೊಡುವುದಕ್ಕೆ, ಮುಪ್ಪಿನಲ್ಲಿ ಇತರರಿಗೆ ಹೊರೆಯಾಗದೆ ಕುರ್ಚಿಯಿಂದ ತಾನೇ ಏಳುವುದಕ್ಕೆ ಎಂದು ಉತ್ತರಿಸಬಲ್ಲವನಿಗೆ ಯಾವ ಆ್ಯಪ್ ಆದರೂ ಉಪಯುಕ್ತ ಸೇವಕನಾಗುತ್ತದೆ. ಕನ್ನಡಿಗಾಗಿ ಮಾತ್ರ ಎಂದು ಉತ್ತರಿಸುವವನಿಗೆ ಅತ್ಯುತ್ತಮ ಆ್ಯಪ್ ಕೂಡ ದಿನೇದಿನೇ ಕಠಿಣ ಯಜಮಾನನಾಗುತ್ತದೆ. ಆ ಕಲಮನ್ನು ತುಂಬಬೇಕಾದವರು ನಾವು. ಅದನ್ನು ಮೊದಲು ತುಂಬಿ, ಆನಂತರ ವಾಚನ್ನು ಕಟ್ಟಿಕೊಳ್ಳೋಣ.