ಹಿಡಿದ ಕೈ, ಬಿಟ್ಟ ಕೈ

ನಮ್ಮ ಮನೆಯಲ್ಲಿ ಹಳೆಯ ಯೆಜ್ಡಿ ಮೋಟಾರ್ ಸೈಕಲ್ ಒಂದಿದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಹೊರಬರತೊಡಗಿ, 1973ರಲ್ಲಿ ಯೆಜ್ಡಿಯೆಂದು ಹೆಸರು ಪಡೆದು, 1996ರಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೂ ಬೆಳೆದ ಸಂತತಿಯದು. ತೂಕ ಸುಮಾರು 140 ಕಿಲೋ. ಓಡುವಾಗ ಹೂವಿನಂತೆ ಹಗುರ. ನಿಲ್ಲಿಸಿಕೊಂಡಾಗಲೆ ಅದರ ಭಾರ ತಿಳಿಯುವುದು. ಮನುಷ್ಯರಲ್ಲೂ ಇಂಥವರುಂಟು.

ಒಂದು ಭಾನುವಾರ ಅದರ ಹಿಂದಿನ ಚಕ್ರವನ್ನು ನಾನೇ ಬಿಚ್ಚುವೆನೆಂದು ಹೊರಟೆ. ಸೆಂಟರ್ ಸ್ಟ್ಯಾಂಡಿನ ಕಾಲುಗಳು ಸವೆದಿದ್ದವು. ಗಾಡಿ ಸ್ವಲ್ಪ ಅಲುಗುತ್ತಿತ್ತು. ರಜಕ್ಕೆ ಬಂದಿದ್ದ ಸೋದರಳಿಯ, ಹದಿನಾಲ್ಕರ ಹುಡುಗ, ಪಕ್ಕದಲ್ಲಿ ನಿಂತಿದ್ದ. “ಸ್ವಲ್ಪ ಹಿಡಿದುಕೊಂಡಿರೊ” ಎಂದೆ. ಹಿಡಿದುಕೊಂಡ. ಅಚ್ಚಿನ ನಟ್ಟು ತುಕ್ಕು ಹಿಡಿದು ಕದಲಲೊಲ್ಲದು. ಒಳಗಿನಿಂದ ತಂಗಿ ಕಾಫಿಗೆ ಕರೆದಳು. ಹುಡುಗ ಅತ್ತ ತಿರುಗಿ ಒಂದು ಕೈ ಬಿಟ್ಟ. ಅದೇ ಗಳಿಗೆಯಲ್ಲಿ ನಾನು ಸ್ಪ್ಯಾನರನ್ನು ಮೈಭಾರ ಹಾಕಿ ಮುಂದಕ್ಕೆ ನೂಕಿದೆ. ಗಾಡಿ ಸ್ಟ್ಯಾಂಡಿನಿಂದ ಜಾರಿ, ಅವನ ಪಾದದ ಮೇಲೆ ಒರಗಿತು. ಹೆಬ್ಬೆರಳಿನ ಮೂಳೆ ಬಿರಿಯಿತು.

ಆಸ್ಪತ್ರೆಯಿಂದ ಬರುವಾಗ ಅವನೇ ತಾಯಿಗೆ ಹೇಳಿದ: “ತಪ್ಪು ನಂದೇ ಅಮ್ಮ, ನಾನೇ ಕೈ ಬಿಟ್ಟೆ.” ತಂಗಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ.

ಆ ಸುಮ್ಮನಿರುವಿಕೆಯೆ ಈ ಬರಹಕ್ಕೆ ಕಾರಣ. ಹುಡುಗ ಹೇಳಿದ್ದು ಸುಳ್ಳಲ್ಲ. ಕೈ ಬಿಟ್ಟದ್ದು ಅವನೇ. ಆದರೆ ಅದು ನಿಜವೆ?

ಸೆಂಟರ್ ಸ್ಟ್ಯಾಂಡಿನ ಗುಣವೇ ಹಾಗೆ: ಗಾಡಿಯನ್ನು ಮುಂದಕ್ಕೆ ನೂಕಿದರೆ ಕಾಲು ಹಿಂದಕ್ಕೆ ಮಡಚಿಕೊಳ್ಳುತ್ತದೆ. ದಿನವೂ ನಾವು ಗಾಡಿ ಇಳಿಸುವುದು ಹಾಗೆಯೆ. ಅಂದು ನಾನು ಮಾಡಿದ್ದೂ ಅಷ್ಟೆ. ಬಲ್ಲವರು ಬಿಗಿಯಾದ ನಟ್ಟುಗಳನ್ನು ಗಾಡಿಯ ಎರಡು ಚಕ್ರಗಳೂ ನೆಲದಲ್ಲಿರುವಾಗಲೆ ಒಂದು ಸುತ್ತು ಸಡಿಲಿಸುತ್ತಾರೆ. ಸಮತಟ್ಟಾದ ಗಟ್ಟಿ ನೆಲ ನೋಡುತ್ತಾರೆ. ಮಣ್ಣಾದರೆ ಸ್ಟ್ಯಾಂಡಿನಡಿಗೆ ಹಲಗೆ ಹಾಕುತ್ತಾರೆ. ಸ್ಟ್ಯಾಂಡಿನ ಕಾಲು ಮಡಚದಂತೆ ಹಗ್ಗದಿಂದ ಮುಂದಕ್ಕೆ ಬಿಗಿಯುತ್ತಾರೆ. ಮುಂದಿನ ಬ್ರೇಕಿನ ಹಿಡಿಯನ್ನು ಕಟ್ಟಿ ಚಕ್ರ ಉರುಳದಂತೆ ಮಾಡುತ್ತಾರೆ. ಜಾಕ್ ಇಟ್ಟರೂ ಅದನ್ನೊಂದನ್ನೇ ನಂಬದೆ, ಚೌಕಟ್ಟಿನ ಕೆಳಗೆ ಮರದ ದಿಮ್ಮಿ ಕೊಡುತ್ತಾರೆ. ಎಣ್ಣೆಯ ಒತ್ತಡ ಹೇಳದೆ ಕೇಳದೆ ಇಳಿಯಬಲ್ಲದು, ದಿಮ್ಮಿ ಇಳಿಯದು. ಕೊನೆಗೆ, ಪಕ್ಕದಲ್ಲಿ ಕೂರುವ ಮುನ್ನ ಒಮ್ಮೆ ಕೈಯಿಂದ ಅಲುಗಿಸಿ ನೋಡುತ್ತಾರೆ. ಇದಕ್ಕೆಲ್ಲ ಬೇಕಾದದ್ದು ಎರಡು ತುಂಡು ಮರ, ಒಂದು ಮಾರು ಹಗ್ಗ, ಕಾಲು ಗಂಟೆಯ ತಾಳ್ಮೆ. ಮರವೂ ಹಗ್ಗವೂ ಹಿತ್ತಲಲ್ಲಿ ಬಿದ್ದಿದ್ದವು. ತಾಳ್ಮೆಯ ಬದಲಿಗೆ ನಾನು ಹುಡುಗನನ್ನು ನಿಲ್ಲಿಸಿದೆ.

ಮನುಷ್ಯನಿಗೆ ಮನುಷ್ಯನೇ ಆಸರೆಯಲ್ಲವೆ, ಎಲ್ಲವನ್ನೂ ದಿಮ್ಮಿಗೆ ಒಪ್ಪಿಸಿದರೆ ಬಾಳಿನಲ್ಲಿ ಬಿಸುಪೇನು ಉಳಿದೀತು ಎಂದು ಯಾರಾದರೂ ಕೇಳಬಹುದು. ಮಾತು ಸರಿಯೆ. ನೋವಿನಲ್ಲಿರುವವನ ಕೈಯನ್ನು ಮರದ ತುಂಡು ಹಿಡಿಯಲಾರದು. ಆದರೆ ಕೈಗೆ ಕೈಯ ಧರ್ಮ, ದಿಮ್ಮಿಗೆ ದಿಮ್ಮಿಯ ಧರ್ಮ. ಕೈ ದಣಿಯುತ್ತದೆ, ತಾಯಿ ಕರೆದರೆ ಮನಸ್ಸು ತಿರುಗುತ್ತದೆ. ತಿರುಗಬೇಕಾದದ್ದೆ, ತಿರುಗದಿದ್ದರೆ ಅವನು ಮಗನೆ? ಹುಡುಗ ಹುಡುಗನಂತೆ ಇದ್ದುದಕ್ಕೆ ಅವನ ಕಾಲು ಮುರಿಯುವಂಥ ಏರ್ಪಾಡನ್ನು ಮಾಡಿದವನು ನಾನು.

ಈ ಏರ್ಪಾಡು ನನ್ನ ಅಂಗಳದಲ್ಲಿ ಮಾತ್ರ ಇದೆಯೆಂದು ತೋರುವುದಿಲ್ಲ. ಕಚೇರಿಯಲ್ಲಿ ಕಿರಿಯ ಗುಮಾಸ್ತನಿಗೆ, ಮನೆಯಲ್ಲಿ ಸೊಸೆಗೆ, ಕಟ್ಟಡದ ಸಾರುವೆಯ ಮೇಲೆ ಕೂಲಿಯವನಿಗೆ ನಾವು ಹೇಳುವುದು ಇದೇ ಮಾತು: “ಸ್ವಲ್ಪ ಹಿಡಿದುಕೊಂಡಿರು.” ಒಲ್ಲೆನೆನ್ನಲಾರದವರನ್ನು ನೋಡಿಯೆ ಹೇಳುತ್ತೇವೆ. ಬಿದ್ದಾಗ “ಕೈ ಬಿಟ್ಟೆಯಲ್ಲ!” ಎನ್ನುತ್ತೇವೆ. ಕೈ ಬಿಡುವುದೆಂದರೆ ನಮ್ಮ ಭಾಷೆಯಲ್ಲಿ ದ್ರೋಹಕ್ಕೆ ಸಮ. ಆದರೆ ಹೊರಲಾಗದ್ದನ್ನು ಹಿಡಿಸಿದವನಿಗೆ ನಮ್ಮಲ್ಲಿ ಒಂದು ಹೆಸರೂ ಇಲ್ಲ. ಹೆಸರಿಲ್ಲದ ತಪ್ಪು ಮಾಡಿದವನಿಗೆ ಸುಮ್ಮನಿರುವುದು ಸುಲಭ. ಎದುರಿನವನು ಒಳ್ಳೆಯವನಾಗಿದ್ದರೆ ಇನ್ನೂ ಸುಲಭ. ಅವನು ತಾನಾಗಿ ತಪ್ಪನ್ನು ಎತ್ತಿಕೊಳ್ಳುತ್ತಾನೆ.

ಎರಡು ದಿನ ತಡೆದೆ. ಮೂರನೆಯ ದಿನ ಊಟದ ಹೊತ್ತಿಗೆ, ತಂಗಿ ಬಡಿಸುತ್ತಿರುವಾಗ, ಅವಳಿಗೂ ಅವನಿಗೂ ಕೇಳುವಂತೆ ನಡೆದದ್ದನ್ನು ನಡೆದಂತೆ ಹೇಳಿದೆ. ತಂಗಿ ಏನೂ ಅನ್ನಲಿಲ್ಲ. ಅನ್ನ ಮಾತ್ರ ಒಂದು ಸೌಟು ಕಡಿಮೆ ಬಿತ್ತು. ಹುಡುಗ ತಲೆಯೆತ್ತಿ, “ಹಾಗಾದ್ರೆ ಮಾವ, ನಾನು ಕೈ ಬಿಡದಿದ್ರೂ ಬೀಳ್ತಿತ್ತಾ?” ಎಂದ.

“ಬೀಳ್ತಿತ್ತು ಕಣೊ.”

ಅವನು ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಎರಡು ದಿನದಿಂದ ಆ ಗಾಡಿಯನ್ನು ಅವನು ಒಬ್ಬನೇ ಹಿಡಿದುಕೊಂಡಿದ್ದನೆಂದು ಆಗ ತಿಳಿಯಿತು.

ಮುಂದಿನ ಭಾನುವಾರ ಚಕ್ರ ಬಿಚ್ಚಿದೆವು. ಗಾಡಿಯನ್ನು ದಿಮ್ಮಿ ಹೊತ್ತಿತ್ತು, ಹಗ್ಗ ಹಿಡಿದಿತ್ತು. ಹುಡುಗ ಕಾಲಿಗೆ ಕಟ್ಟು ಕಟ್ಟಿಕೊಂಡು, ಒಂದಿಷ್ಟು ದೂರದಲ್ಲಿ ಮಣೆಯ ಮೇಲೆ ಕುಳಿತು, ನಟ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದ. ತಂಗಿ ಕಾಫಿಗೆ ಕರೆದಳು. ಇಬ್ಬರೂ ಎಲ್ಲವನ್ನೂ ಕೈಬಿಟ್ಟು ಎದ್ದು ಹೋದೆವು.