ಕ್ಷೇತ್ರದರ್ಶನವೂ ವೇಳಾಪಟ್ಟಿಯೂ

ನಮ್ಮ ಮಠಕ್ಕೆ ಬರುವ ಆಸ್ತಿಕರು, ಅದರಲ್ಲೂ ಉದ್ಯೋಗನಿಮಿತ್ತ ಚೆನ್ನೈನಲ್ಲಿ ನೆಲೆಸಿರುವ ತರುಣ ದಂಪತಿಗಳು, ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಶನಿವಾರ, ಭಾನುವಾರ ರಜೆಯಿದೆ. ಸುತ್ತಮುತ್ತ ಎಷ್ಟು ಪುಣ್ಯಕ್ಷೇತ್ರಗಳನ್ನು ನೋಡಿ ಬರಬಹುದು?” ನಾನು ರೈಲ್ವೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಆದ್ದರಿಂದ ದೂರ-ಸಮಯಗಳ ಲೆಕ್ಕ ನನಗೆ ಚೆನ್ನಾಗಿ ತಿಳಿದಿರಬೇಕೆಂಬುದು ಅವರ ಎಣಿಕೆ. ತಿಳಿದಿರುವುದೇನೋ ನಿಜ. ಆದರೆ ಹಾಗೆ ತಿಳಿದಿದ್ದುದೇ ಒಮ್ಮೆ ನನ್ನಿಂದ ಒಂದು ಅಪಚಾರಕ್ಕೆ ಕಾರಣವಾಯಿತು. ಅದನ್ನು ಹೇಳುವುದಕ್ಕೆ ಮುನ್ನ ಶಾಸ್ತ್ರವಿಚಾರವನ್ನು ಸ್ವಲ್ಪ ಪರಾಮರ್ಶಿಸೋಣ.

ಭಗವಂತನು ಸರ್ವವ್ಯಾಪ್ತನು. ಅಡಯಾರಿನಲ್ಲಿರುವಷ್ಟೇ ಪೂರ್ಣನಾಗಿ ಅಹೋಬಲದಲ್ಲಿಯೂ ಇರುವವನು. ಹೀಗಿರಲು ಕ್ಷೇತ್ರಯಾತ್ರೆ ಏತಕ್ಕೆ? ವ್ಯಾಪ್ತಿಯಲ್ಲಿ ತಾರತಮ್ಯವಿಲ್ಲದಿದ್ದರೂ ಅಭಿವ್ಯಕ್ತಿಯಲ್ಲಿ ವಿಶೇಷವುಂಟು, ಸನ್ನಿಧಾನವಿಶೇಷವುಳ್ಳ ಸ್ಥಳದಲ್ಲಿ ಉಪಾಸನೆ ಸುಕರವಾಗುತ್ತದೆ ಎಂಬುದು ನಮ್ಮ ಸಿದ್ಧಾಂತದ ಸಮಾಧಾನ. ಪ್ರತಿಮೆಯೇ ದೇವರೆಂದು ತಿಳಿಯಬಾರದು, ಪ್ರತಿಮೆಯಲ್ಲಿ ಸನ್ನಿಹಿತನಾದವನನ್ನು ಕಾಣಬೇಕು ಎಂದು ಶ್ರೀಮದಾಚಾರ್ಯರು ಎಚ್ಚರಿಸಿದ್ದಾರೆ. ಅಂದಮೇಲೆ ಕ್ಷೇತ್ರದಲ್ಲಿ ಕಣ್ಣಿನ ಕೆಲಸ ಅರ್ಧ ಮಾತ್ರ. ಉಳಿದರ್ಧ ಮನಸ್ಸಿನದು. ಶ್ರೀವಾದಿರಾಜರು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣವೆಂದು ನಾಲ್ಕು ಪ್ರಬಂಧಗಳಾಗಿ ‘ತೀರ್ಥಪ್ರಬಂಧ’ವನ್ನು ರಚಿಸಿದರಷ್ಟೆ. ಅದೂ ಒಂದು ಬಗೆಯಲ್ಲಿ ಕ್ಷೇತ್ರಗಳ ಪಟ್ಟಿಯೇ. ಆದರೆ ಅಲ್ಲಿ ಪ್ರತಿಯೊಂದು ನದಿಯ ಮುಂದೆಯೂ ಪ್ರತಿಯೊಂದು ಮೂರ್ತಿಯ ಮುಂದೆಯೂ ಯತಿಗಳು ನಿಂತಿದ್ದಾರೆ. ಏನನ್ನೋ ಬೇಡಿದ್ದಾರೆ, ಏನನ್ನೋ ನೆನೆದಿದ್ದಾರೆ.

ಹಾಗೆಂದು ತ್ವರೆಯನ್ನೇ ದೋಷವೆಂದು ಹೇಳಿಬಿಡಲಾಗದು. ಕಂಚಿಯ ಅತ್ತಿವರದನ ಪ್ರಸಂಗವನ್ನು ನೋಡಿ. ಅತ್ತಿಮರದ ಆ ಮೂರ್ತಿ ಅನಂತಸರಸ್ಸಿನ ನೀರಿನ ಕೆಳಗೆ ಶಯನಿಸಿದ್ದು ನಲವತ್ತು ವರ್ಷಗಳಿಗೊಮ್ಮೆ ಮೇಲೆ ಬರುತ್ತದೆ. 1939, 1979, ಆಮೇಲೆ 2019. ಆ ವರ್ಷ ಜುಲೈ 1ರಿಂದ ಆಗಸ್ಟ್ 17ರವರೆಗೆ 48 ದಿನಗಳ ದರ್ಶನ. ಮೊದಲ 31 ದಿನ ಶಯನಭಂಗಿ, ಉಳಿದ 17 ದಿನ ನಿಂತ ಭಂಗಿ. ಬಿಸಿಲಿನಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರಿಗೆ ಸ್ವಾಮಿಯ ಮುಂದೆ ದೊರೆತದ್ದು ಕೆಲವು ಕ್ಷಣಗಳು. ನಾನೂ ಆ ಸಾಲಿನಲ್ಲಿದ್ದೆ. ಹಿಂದಿನಿಂದ ತಳ್ಳಿಸಿಕೊಂಡು ಹೊರಗೆ ಬಂದ ವೃದ್ಧರೊಬ್ಬರು ಮಂಟಪದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಿದ್ದರು. ಅವರಿಗೆ ದೊರೆತದ್ದು ಅಲ್ಪವೆಂದು ಯಾರು ಹೇಳಬಲ್ಲರು? ಇನ್ನೊಂದು ಮಾತು. ನೀರಿನ ಕೆಳಗಿದ್ದ ನಲವತ್ತು ವರ್ಷ ಆ ಮೂರ್ತಿಯನ್ನು ಯಾರೂ ಕಾಣಲಿಲ್ಲ. ಅದರಿಂದ ಸ್ವಾಮಿಗೆ ನ್ಯೂನತೆಯೇನೂ ಒದಗಲಿಲ್ಲ. 2059ರಲ್ಲಿ ನಾವು ಅನೇಕರು ಇರುವುದಿಲ್ಲ. ಅದಕ್ಕಾಗಿ ಮರುಗಬೇಕಾದ ಕಾರಣವೂ ಇಲ್ಲ.

ಈಗ ನನ್ನ ಅಪಚಾರದ ವಿಷಯ. 2022ರ ಡಿಸೆಂಬರಿನಲ್ಲಿ ಪರಿಚಿತ ಆಸ್ತಿಕರು ನಲವತ್ತು ಮಂದಿ ಬಸ್ಸು ಗೊತ್ತುಮಾಡಿಕೊಂಡು ಯಾತ್ರೆ ಹೊರಟೆವು. ಕಾರ್ಯಕ್ರಮವನ್ನು ಸಿದ್ಧಪಡಿಸಿದವನು ನಾನು. ಎರಡು ದಿನ, ಹನ್ನೊಂದು ಸ್ಥಳ. ಪ್ರತಿಯೊಂದಕ್ಕೂ ತಲಪುವ ವೇಳೆ, ಹೊರಡುವ ವೇಳೆ. ಚೆನ್ನೈನಿಂದ ಸುಮಾರು 200 ಕಿಲೋಮೀಟರ್ ದೂರದ ತಿರುಕೋಯಿಲೂರು ಮೊದಲ ಮುಖ್ಯ ಘಟ್ಟ. ಅಲ್ಲಿ ದಕ್ಷಿಣ ಪಿನಾಕಿನಿಯ ದಡದ ಮಣಂಪೂಂಡಿಯಲ್ಲಿ ಭಾವಬೋಧಕಾರರಾದ ಶ್ರೀರಘೂತ್ತಮತೀರ್ಥರ ಬೃಂದಾವನವಿದೆ. ಹೊಳೆ ದಾಟಿದರೆ ಊರಿನಲ್ಲಿ ತ್ರಿವಿಕ್ರಮಸ್ವಾಮಿಯ ಮಹಾದೇವಾಲಯ. ಮಧ್ಯಾಹ್ನ ಅದರ ಬಾಗಿಲು ಮುಚ್ಚುವುದರೊಳಗೆ ಅಲ್ಲಿಗೆ ತಲಪಬೇಕಾಗಿತ್ತು.

ನಮ್ಮೊಡನೆ ಎಂಬತ್ತರ ಹತ್ತಿರದ ಒಬ್ಬ ತಾಯಿ ಬಂದಿದ್ದರು. ಬೃಂದಾವನಕ್ಕೆ ಇಪ್ಪತ್ತೊಂದು ಪ್ರದಕ್ಷಿಣೆಯ ಸಂಕಲ್ಪ ಮಾಡಿದ್ದರು. ಮಂಡಿನೋವಿನಿಂದ ಅವರ ನಡಿಗೆ ನಿಧಾನ. ಒಂಬತ್ತು ಮುಗಿದಿರಲು ನಾನು ಕೈಗಡಿಯಾರ ನೋಡಿಕೊಂಡು ಹತ್ತಿರ ಹೋಗಿ, “ಅಮ್ಮಾ, ಹೊತ್ತಾಯಿತು, ಎಲ್ಲರೂ ಬಸ್ಸಿನಲ್ಲಿ ಕಾಯುತ್ತಿದ್ದಾರೆ” ಎಂದೆ. “ರಾಯರೇ, ಇನ್ನು ಹನ್ನೆರಡು ಅಷ್ಟೇ” ಎಂದರು. ನಾನು ಇನ್ನೊಮ್ಮೆ ಹೇಳಿದೆ. ಆಕೆ ಎದುರು ಮಾತಾಡಲಿಲ್ಲ. ಬೃಂದಾವನಕ್ಕೆ ನಮಸ್ಕರಿಸಿ ಬಂದು ಬಸ್ಸು ಹತ್ತಿದರು. ತ್ರಿವಿಕ್ರಮನ ದರ್ಶನ ಎಲ್ಲರಿಗೂ ಆಯಿತು. ವೇಳಾಪಟ್ಟಿ ಐದು ನಿಮಿಷವೂ ತಪ್ಪಲಿಲ್ಲ. ಸಂಜೆ ಕೆಲವರು ನನ್ನನ್ನು ಪ್ರಶಂಸಿಸಿದರು ಕೂಡ.

ಒಬ್ಬರಿಗಾಗಿ ನಲವತ್ತು ಮಂದಿ ದರ್ಶನ ಕಳೆದುಕೊಳ್ಳಬೇಕಾಗಿತ್ತೇ ಎಂದು ಬಹುದಿನ ನನಗೆ ನಾನೇ ವಾದಿಸಿಕೊಂಡೆ. ವನಪರ್ವದ ತೀರ್ಥಯಾತ್ರಾಪ್ರಕರಣವನ್ನು ಮತ್ತೆ ತೆರೆದಾಗ ಆ ವಾದ ಉಳಿಯಲಿಲ್ಲ. ಯಜ್ಞ ಮಾಡುವ ಶಕ್ತಿಯಿಲ್ಲದ ಬಡವನಿಗೂ ಯಜ್ಞಫಲವನ್ನು ಕೊಡುವುದು ತೀರ್ಥಯಾತ್ರೆ ಎಂದು ಪುಲಸ್ತ್ಯರು ಭೀಷ್ಮರಿಗೆ ಹೇಳುವ ಭಾಗವದು. ಆ ಫಲವನ್ನು ಪಡೆಯುವವನ ಲಕ್ಷಣಗಳನ್ನೂ ಅವರು ಹೇಳುತ್ತಾರೆ: ಕೈಕಾಲು, ಮನಸ್ಸುಗಳ ನಿಗ್ರಹ, ಸಂತುಷ್ಟಿ, ಅಹಂಕಾರರಾಹಿತ್ಯ, ಅಕ್ರೋಧ, ಸತ್ಯ. ಇವುಗಳೊಡನೆ ಹಿಡಿದ ವ್ರತದಲ್ಲಿ ದೃಢತೆ ಮತ್ತು ಇತರ ಜೀವಿಗಳನ್ನು ತನ್ನಂತೆಯೇ ಕಾಣುವುದು. ಎಷ್ಟು ಕ್ಷೇತ್ರಗಳೆಂಬ ಸಂಖ್ಯೆ ಆ ಲಕ್ಷಣಗಳಲ್ಲಿ ಎಲ್ಲಿಯೂ ಬರುವುದಿಲ್ಲ. ವ್ರತದಲ್ಲಿ ದೃಢರಾಗಿದ್ದವರು ಆ ತಾಯಿ. ಅದನ್ನು ಭಂಗಗೊಳಿಸಿದವನು ನಾನು.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಬೃಂದಾವನದಿಂದ ತ್ರಿವಿಕ್ರಮನ ಗುಡಿಗೆ ಆಟೋರಿಕ್ಷಾದಲ್ಲಿ ಕೆಲವೇ ನಿಮಿಷಗಳ ದಾರಿ. ಬಸ್ಸನ್ನು ಮುಂದೆ ಕಳುಹಿಸಿ ನಾನೊಬ್ಬನು ಅವರೊಡನೆ ನಿಂತಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ. ಬಾಗಿಲು ಮುಚ್ಚಿದ್ದರೆ ನನಗೊಬ್ಬನಿಗೆ ದರ್ಶನ ತಪ್ಪುತ್ತಿತ್ತು, ಅಷ್ಟೆ. ಒಬ್ಬರು-ನಲವತ್ತು ಮಂದಿ ಎಂಬ ಧರ್ಮಸಂಕಟ ಅಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಗುರುತು ಹಾಕುವ ಆತುರದಲ್ಲಿ ಅದನ್ನು ನಾನೇ ಕಲ್ಪಿಸಿಕೊಂಡಿದ್ದೆ. ಅದೂ ಯಾವ ಊರಿನಲ್ಲಿ! ಒಬ್ಬನು ಮಲಗಬಹುದು, ಇಬ್ಬರು ಕುಳಿತುಕೊಳ್ಳಬಹುದು, ಮೂವರು ನಿಲ್ಲಬಹುದು ಎಂಬಷ್ಟು ಕಿರಿದಾದ ನಡುಮನೆಯಲ್ಲಿ, ಮಳೆಯ ರಾತ್ರಿ, ಮೊದಲ ಮೂವರು ಆಳ್ವಾರರು ಒಬ್ಬರಿಗೊಬ್ಬರು ಎಡೆಗೊಟ್ಟು ನಿಂತಾಗ ನಾಲ್ಕನೆಯವನಾಗಿ ಭಗವಂತನೇ ನುಗ್ಗಿ ಬಂದನೆಂಬ ಐತಿಹ್ಯ ತಿರುಕೋಯಿಲೂರಿನದು.

ತರುಣರಿಗೆ ಈಗ ನಾನು ಹೇಳುವುದಿಷ್ಟು. ದೂರ ಹೋಗುವ ಮೊದಲು ತಿರುವಲ್ಲಿಕೇಣಿಗೆ ಹೋಗಿ. ಈ ನಗರದಲ್ಲಿ ಹತ್ತು ವರ್ಷ ಇದ್ದೂ ಪಾರ್ಥಸಾರಥಿಯನ್ನು ಕಾಣದವರನ್ನು ನಾನು ಬಲ್ಲೆ. ಪಲ್ಲವ ದಂತಿವರ್ಮನ ಕಾಲದ ಶಾಸನವುಳ್ಳ ಗುಡಿಯದು; ಯುದ್ಧದಲ್ಲಿ ಆಯುಧ ಹಿಡಿಯೆನೆಂದವನ ಕೈಯಲ್ಲಿ ಚಕ್ರವಿಲ್ಲ, ಉತ್ಸವಮೂರ್ತಿಯ ಮುಖದಲ್ಲಿ ಭೀಷ್ಮರ ಬಾಣಗಳ ಕಲೆಗಳಿವೆ. ಮಹಾಬಲಿಪುರಕ್ಕೆ ಹೋದರೆ ಕಡಲತೀರದ ದೇಗುಲವನ್ನು ಕಲೆಗಾಗಿ ಅವಶ್ಯ ನೋಡಿ, ಆದರೆ ಊರೊಳಗೆ ಇಂದಿಗೂ ಪೂಜೆಗೊಳ್ಳುತ್ತಿರುವ ಸ್ಥಲಶಯನಸ್ವಾಮಿಯನ್ನು ಮರೆತು ಬರಬೇಡಿ. ಕುಂಭಕೋಣಕ್ಕೆ ಹೊರಟವರು ಕಾವೇರಿತೀರದಲ್ಲಿರುವ ಶ್ರೀವಿಜಯೀಂದ್ರರ ಬೃಂದಾವನಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ; ಉಳಿದ ಗುಡಿಗಳು ಮುಂದಿನ ಯಾತ್ರೆಗೆ ಇರಲಿ. ಜೊತೆಯಲ್ಲಿ ವೃದ್ಧರಿದ್ದರೆ ಅವರ ಸಂಕಲ್ಪವೇನೆಂದು ಹೊರಡುವ ಮುನ್ನವೇ ಕೇಳಿ ತಿಳಿದುಕೊಳ್ಳಿ.

ಆ ತಾಯಿಗೆ ಈಗ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟ. ಕಾಮ್ಯಕರ್ಮಕ್ಕೆ ಪ್ರತಿನಿಧಿ ಸಲ್ಲದೆಂಬುದು ಸಾಮಾನ್ಯ ನಿಯಮವಾದರೂ, ಉಪಕ್ರಮವಾದ ಮೇಲೆ ಉಳಿದುದನ್ನು ಪ್ರತಿನಿಧಿಯು ಪೂರೈಸಬಹುದೆಂದು ಧರ್ಮಶಾಸ್ತ್ರಕಾರರಲ್ಲಿ ಕೆಲವರ ಮತವಿದೆ. ಅವರ ಅನುಮತಿ ಪಡೆದು 2024ರಲ್ಲಿ ನಾನೊಬ್ಬನೇ ಮಣಂಪೂಂಡಿಗೆ ಹೋಗಿ ಉಳಿದ ಹನ್ನೆರಡು ಪ್ರದಕ್ಷಿಣೆಗಳನ್ನು ಮಾಡಿದೆ. ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟಿದ್ದೆ. ಮೃತ್ತಿಕೆ, ಮಂತ್ರಾಕ್ಷತೆಗಳನ್ನು ತಂದು ಅವರ ಕೈಗಿತ್ತು ನಮಸ್ಕರಿಸಿದೆ. ಆಕೆ ಅವುಗಳನ್ನು ಕಣ್ಣಿಗೊತ್ತಿಕೊಂಡರು. ಹಳೆಯ ಮಾತನ್ನು ಎತ್ತಲಿಲ್ಲ. “ರಾಯರೇ, ಹೊಳೆಯಲ್ಲಿ ನೀರಿತ್ತೇ?” ಎಂದು ಕೇಳಿದರು. ಸ್ವಲ್ಪ ಇತ್ತು ಎಂದೆ.

ಶ್ರೀಕೃಷ್ಣಾರ್ಪಣಮಸ್ತು