ಒಳಗಿನ ಕೋಶ, ಹೊರಗಿನ ಕೋಶ


*ಇಂದಿನ ಚಿಂತನೆ*



"ನನ್ನ ಮಗ ಬುದ್ಧಿವಂತ, ಅದಕ್ಕೇ ಮೇಲೆ ಬಂದ." ಯಲಹಂಕದಲ್ಲಿ ಬೆಳಗಿನ ವಾಕಿಂಗ್ ಹೋದಾಗ ಈ ಮಾತು ನನ್ನ ಕಿವಿಗೆ ಆಗಾಗ ಬೀಳುತ್ತದೆ. ಇದು ಎಷ್ಟು ನಿಜ? ತಾಯಿಯ ಗರ್ಭದ ಮೊದಲ ದಿನಗಳನ್ನು ಸ್ವಲ್ಪ ನೋಡೋಣ.

ನಾವೆಲ್ಲರೂ ಶುರುವಾಗಿದ್ದು ಒಂದೇ ಒಂದು ಕೋಶದಿಂದ. ಅದು ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ವಿಜ್ಞಾನಿಗಳು ಇದನ್ನು ಹೆಚ್ಚಾಗಿ ಇಲಿಯ ಭ್ರೂಣದಲ್ಲಿ ಗಮನಿಸಿದ್ದಾರೆ. ಎಂಟು ಕೋಶಗಳಾದಾಗ ಅವು ಒಂದಕ್ಕೊಂದು ಒತ್ತಿ ಅಂಟಿಕೊಳ್ಳುತ್ತವೆ. ಅಲ್ಲಿಂದ ಮುಂದೆ, ಕೋಶ ಯಾವ ದಿಕ್ಕಿನಲ್ಲಿ ಒಡೆಯಿತು ಎಂಬುದು ಮುಖ್ಯ. ಒಂದು ದಿಕ್ಕಿನಲ್ಲಿ ಒಡೆದರೆ ಎರಡು ಮರಿಕೋಶಗಳೂ ಹೊರಗೇ ಉಳಿಯುತ್ತವೆ. ಇನ್ನೊಂದು ದಿಕ್ಕಿನಲ್ಲಿ ಒಡೆದರೆ ಒಂದು ಹೊರಗೆ, ಒಂದು ಒಳಗೆ. ಹೊರಗಿನವು ಮಾಸು ಆಗುವ ದಾರಿ ಹಿಡಿಯುತ್ತವೆ. ಮರಿಯ ಮೈ ಆಗುವುದು ಒಳಗಿನವುಗಳಿಂದ. ಪೋಲೆಂಡಿನ ತಾರ್ಕೋವ್‌ಸ್ಕಿ ಮತ್ತು ವ್ರೊಬ್ಲೆವ್‌ಸ್ಕಾ 1967ರಲ್ಲೇ ಈ ಒಳಗೆ–ಹೊರಗೆ ವಿಚಾರವನ್ನು ಮುಂದಿಟ್ಟರು. ಆ ಹೊತ್ತಿನಲ್ಲಿ ಹೊರಗಿನ ಕೋಶವನ್ನು ಒಳಗೆ ಸೇರಿಸಿದರೆ ಅದೂ ಮೈಯಾಗಬಲ್ಲದು. ಇನ್ನಷ್ಟು ವಿಭಜನೆ ನಡೆದ ಮೇಲೆ ದಾರಿ ಗಟ್ಟಿಯಾಗಿಬಿಡುತ್ತದೆ.

ನಮ್ಮ ಪಕ್ಕದ ಜಕ್ಕೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಗುಣಮಟ್ಟ ಸಾಲದೆಂದು ಬದಿಗಿಟ್ಟ ಮಾನವ ಭ್ರೂಣಗಳಿಂದ ಎರಡು ಕಾಂಡಕೋಶ ತಳಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಭ್ರೂಣವನ್ನು ಹೀಗೆ ಬಳಸಬಹುದೇ ಎಂಬುದು ಮೊದಲ ಶೀಲದ ಪ್ರಶ್ನೆ. ಅದನ್ನು ಬೇರೆ ದಿನ ಚರ್ಚಿಸೋಣ. ಇಲ್ಲಿ ಕಾಣಬೇಕಾದದ್ದು ಇಷ್ಟು: 'ಪ್ರಯೋಜನವಿಲ್ಲ' ಎನಿಸಿಕೊಂಡದ್ದು ಕೂಡ, ತಕ್ಕ ಆಸರೆ ಸಿಕ್ಕಾಗ, ನಾನಾ ಬಗೆಯ ಕೋಶಗಳಾಗುವ ಶಕ್ತಿ ತೋರಿತು.

ಪಟಿಚ್ಚಸಮುಪ್ಪಾದ ಹೇಳುವುದೂ ಇದನ್ನೇ: ಯಾವುದೂ ತನ್ನಷ್ಟಕ್ಕೆ ತಾನೇ ಆಗುವುದಿಲ್ಲ. ಒಳಗೆ ಬಿದ್ದ ಕೋಶ ಯಾವ ಪರೀಕ್ಷೆಯನ್ನೂ ಪಾಸು ಮಾಡಿರಲಿಲ್ಲ. ಹೊರಗುಳಿದದ್ದು ಯಾವ ತಪ್ಪನ್ನೂ ಮಾಡಿರಲಿಲ್ಲ. ಅಷ್ಟೇ ಅಲ್ಲ, ಒಂಬತ್ತು ತಿಂಗಳು ಮಗುವಿಗೆ ಊಟ, ಉಸಿರು ತಲುಪಿಸುವುದು ಆ ಹೊರಗಿನವುಗಳಿಂದಾದ ಮಾಸೇ. ಹೆರಿಗೆಯಾದ ಮೇಲೆ ಅದನ್ನು ಮಣ್ಣಿಗೆ ಹಾಕಿ ಮರೆಯುತ್ತೇವೆ. ಹೆಬ್ಬಾಳದ ಆಚೆ ಅಪಾರ್ಟ್‌ಮೆಂಟ್ ಕಟ್ಟುವವರ ಮಕ್ಕಳು ತಗಡಿನ ಶೆಡ್ಡಿನ ಮುಂದೆ ಆಡುವುದನ್ನು ಕಂಡಾಗ ನನಗೆ ಇದೇ ನೆನಪಾಗುತ್ತದೆ.

"ಹಾಗಾದರೆ ಎಲ್ಲವೂ ಸಿಕ್ಕ ಜಾಗದ ಆಟವೇ? ಕಳ್ಳನೂ ಹೀಗೇ ಹೇಳಬಹುದಲ್ಲ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೋಶಕ್ಕೆ ಚೇತನೆ ಇಲ್ಲ, ನಮಗಿದೆ. ಬುದ್ಧರು ಕಮ್ಮವನ್ನು ಗುರುತಿಸಿದ್ದು ಆ ಚೇತನೆಯಲ್ಲೇ. ಆದ್ದರಿಂದ ನಾನು ಎರಡು ಅಳತೆಗೋಲು ಇಟ್ಟುಕೊಂಡಿದ್ದೇನೆ. ಬೇರೆಯವರನ್ನು ನೋಡುವಾಗ, ಅವರಿಗೆ ಸಿಕ್ಕ ಜಾಗ ಯಾವುದು? ನನ್ನನ್ನು ನೋಡಿಕೊಳ್ಳುವಾಗ, ಸಿಕ್ಕ ಜಾಗದಲ್ಲಿ ನನ್ನ ಚೇತನೆ ಎಂಥದ್ದು? ನಾವು ಸಾಮಾನ್ಯವಾಗಿ ಇದನ್ನು ತಿರುಗಿಸಿ ಹಿಡಿಯುತ್ತೇವೆ.

ಮನುಷ್ಯರ ದಾರಿ ಕೋಶದ ದಾರಿಯಷ್ಟು ಗಟ್ಟಿಯಲ್ಲ. ಅಂಗುಲಿಮಾಲನಿಗೂ ಬಾಗಿಲು ತೆರೆದಿತ್ತು. ಆದರೂ ಎಳೆಯ ವಯಸ್ಸಿನಲ್ಲಿ ಸಿಕ್ಕ ಆಸರೆಯ ಬೆಲೆಯೇ ಬೇರೆ.

*ಇಂದಿನ ಅಭ್ಯಾಸ:* ನಿಮ್ಮ ಬೀದಿಯಲ್ಲಿ 'ಹೊರಗೆ' ಉಳಿದಿರುವ ಒಂದು ಮಗುವಿನ ಹೆಸರು ಕೇಳಿ ತಿಳಿದುಕೊಳ್ಳಿ. ಶಾಲೆಗೆ ಹೋಗುತ್ತಿದೆಯೇ ವಿಚಾರಿಸಿ. ಇಲ್ಲವೆಂದರೆ, ನಾಳೆಗೆ ಬಿಡಬೇಡಿ.

ಭವತು ಸಬ್ಬ ಮಂಗಲಂ 🪷